ಹೊದಿಸುವ ಕೈ

ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕನ್ನಡದವರ ಮನೆಗಳಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಮಕ್ಕಳು ಈಗ ಎಷ್ಟೇ ಠಸ್‌ಪುಸ್ ಇಂಗ್ಲಿಷ್ ಮಾತಾಡಲಿ, ಅವರಲ್ಲಿ ಅನೇಕರ ಬೆನ್ನಿಗೆ ಮೊದಲು ಎಣ್ಣೆ ಹಚ್ಚಿದವಳು ಶಿವಬಸವ್ವ. ನರಗುಂದದ ಹತ್ತಿರದ ಒಂದು ಸಣ್ಣ ಊರಿನವಳು. ಗಂಡ ಚನ್ನಬಸಪ್ಪ ಮಷೀನ್ ಶಾಪೊಂದರಲ್ಲಿ ಲೇತ್ ನಡೆಸುತ್ತಿದ್ದ. ಮನೆ ನಾರ್ತ್‌ರಿಜ್‌ನಲ್ಲಿ, ಯೂನಿವರ್ಸಿಟಿ ಹುಡುಗರೇ ತುಂಬಿಕೊಂಡಿದ್ದ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ. ಮಕ್ಕಳಿರಲಿಲ್ಲ. "ನನಗ ಆಗಲಿಲ್ಲ, ಮಂದೀವೆಲ್ಲಾ ನಾನ ಎತ್ತೀನಿ" ಎಂದು ನಗುತ್ತಲೇ ಹೇಳುತ್ತಿದ್ದಳು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಊರಿಂದ ತಾಯಿಗೋ ಅತ್ತೆಗೋ ವೀಸಾ ಸಿಗದಿದ್ದರೆ ಶಿವಬಸವ್ವನಿಗೆ ಫೋನು ಬರುತ್ತಿತ್ತು. ಅವಳು ತನ್ನ ಹಳೇ ಕೊರೋಲಾ ಕಾರಿನಲ್ಲಿ ಎಣ್ಣೆ ಡಬ್ಬಿ, ಸಾಂಬ್ರಾಣಿ, ಅಂಟಿನುಂಡಿಗೆ ಬೇಕಾದ ಸಾಮಾನು ತುಂಬಿಕೊಂಡು ಬಂದಿಳಿಯುತ್ತಿದ್ದಳು. ಬಂದವಳೇ ಹೊಗೆ ಕಂಡರೆ ಕಿರುಚುವ ಅಲಾರ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಏ.ಸಿ. ಬಂದ್ ಮಾಡಿಸಿ, ಬಾಣಂತಿಯ ಕಿವಿಗೆ ಬಟ್ಟೆ ಸುತ್ತಿಬಿಡುತ್ತಿದ್ದಳು. ಡಾಕ್ಟರು ಏನು ಹೇಳಿದರು ಎಂದು ಯಾರಾದರೂ ಬಾಯಿ ತೆರೆದರೆ, "ಅವರು ಹೇಳಿದ್ದೂ ಮಾಡೂಣು, ಇದನ್ನೂ ಮಾಡೂಣು" ಎನ್ನುವಳು. ಅದರ ಮೇಲೆ ಮಾತಿಲ್ಲ.

ಮಧ್ಯಾಹ್ನ ತಾಯಿ ಮಗು ಮಲಗಿದ ಮೇಲೆ ಕೌದಿ ಹೊಲಿಯಲು ಕೂಡುತ್ತಿದ್ದಳು. ಅಂಗಡಿಯ ಕಂಬಳಿಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಮುಟ್ಟಿದರೆ ಚಟಚಟ ಎನ್ನುವ ಆ ನುಣುಪು ಬಟ್ಟೆಯೊಳಗೆ ಮಗು ಹೇಗೆ ಮಲಗೀತು ಎಂದು ಅವಳ ತಕರಾರು. ಬಾಣಂತಿಯ ಹಳೇ ಸೀರೆ, ಅಪ್ಪನ ಹಳೇ ಅಂಗಿ ಕೇಳಿ ಇಸಿದುಕೊಂಡು, ತುಂಡು ಮಾಡಿ, ಜೋಡಿಸಿ ಹೊಲಿಯುವಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಹಾಕುವಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಇಷ್ಟೇ ಆಗಿದ್ದರೆ ಅವಳಿಗೆ ಅಷ್ಟು ಬೇಡಿಕೆ ಇರುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಕೂತವರಿಗೆ ಮನೆಯ ಒಳಹೊರಗೆಲ್ಲ ಕಾಣುತ್ತದೆ. ಯಾರು ಗರಾಜಿನಲ್ಲಿ ಬಾಟಲಿ ಇಟ್ಟಿದ್ದಾರೆ, ಯಾವ ಗಂಡಹೆಂಡಿರು ಬಂದವರ ಎದುರು ಮಾತ್ರ ಮಾತಾಡುತ್ತಾರೆ, ಯಾರ ಕೆಲಸ ಹೋಗಿದ್ದನ್ನು ಊರಿಗೆ ತಿಳಿಸಿಲ್ಲ, ಎಲ್ಲ ಅವಳಿಗೆ ಗೊತ್ತು. ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಅವಳ ಬಾಯಿಂದ ಬಂದದ್ದಿಲ್ಲ. ಕಂಡದ್ದರ ಮೇಲೆಲ್ಲ ಒಂದು ಹೊದಿಕೆ ಎಳೆದು ಮುಂದಿನ ಮನೆಗೆ ಹೊರಟುಬಿಡುತ್ತಿದ್ದಳು. ಜನ ಅದನ್ನು ದೊಡ್ಡತನ ಎಂದರು. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದು ಶಾಲು ಹೊದಿಸಿದರು. ಶಾಲು ಹೊದಿಸಿದ ಕೈ ಸಂಘದ ಸೆಕ್ರೆಟರಿ ರಾಜೀವನದು. "ಇವರಷ್ಟು ನಂಬಿಕಸ್ತರು ಇನ್ನೊಬ್ಬರಿಲ್ಲ" ಎಂದು ಮೈಕಿನಲ್ಲಿ ಹೇಳಿದ. ಅವನ ಹೆಂಡತಿ ಸುಪ್ರೀತಾ ಆಗ ಬಸುರಿ. ಎದುರು ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಆ ಮನೆಗೆ ಶಿವಬಸವ್ವ ಹೋದದ್ದು ತೊಂಬತ್ತಾರರ ಮೇ ತಿಂಗಳಲ್ಲಿ. ರಾಜೀವ ಬೆಂಗಳೂರಿನವನು. ಟೆಲಿಕಾಂ ಇಂಜಿನಿಯರ್. ಮನೆ ಸ್ಯಾನ್ ಡಿಯಾಗೋದಲ್ಲಿ, ಟೊರ್ರಿ ಪೈನ್ಸ್ ಗುಡ್ಡದಿಂದ ಸ್ವಲ್ಪ ಒಳಗೆ. ನಗುಮುಖದ ಮನುಷ್ಯ. ಬಾಗಿಲಲ್ಲೇ ಅವಳ ಕೈಯಿಂದ ಚೀಲ ಇಸಿದುಕೊಂಡ. "ನಿಮ್ಮನೆ ಅನ್ಕೊಳಿ ಆಂಟಿ" ಎಂದ.

ಮರುದಿನ ಮೊದಲ ಎಣ್ಣೆ ನೀರು. ಬಾತ್‌ಟಬ್ಬಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿ ಸುಪ್ರೀತಾಳನ್ನು ಕೂರಿಸಿ ತೋಳಿಗೆ ಎಣ್ಣೆ ಸವರುತ್ತಿದ್ದ ಶಿವಬಸವ್ವನ ಕೈ ನಿಂತಿತು. ರಟ್ಟೆಯ ಮೇಲೆ ನಾಲ್ಕು ಬೆರಳು ಎದ್ದು ಕಾಣುವ ಹಾಗೆ ಕಪ್ಪಗಾಗಿತ್ತು. ಕಿವಿಯ ಕೆಳಗೂ ಒಂದು ಹಳೇ ಗುರುತು, ಅರಿಶಿನದ ಬಣ್ಣಕ್ಕೆ ತಿರುಗಿತ್ತು.

"ಕಾರ್ ಸೀಟ್ ಎತ್ತುವಾಗ ತಗುಲ್ತು ಆಂಟಿ" ಎಂದಳು ಸುಪ್ರೀತಾ, ಯಾರೂ ಕೇಳದೆಯೇ.

ಶಿವಬಸವ್ವ ನೀರು ಹಾಕಿದಳು, ಒರೆಸಿದಳು, ಉದ್ದ ತೋಳಿನ ಸ್ವೆಟರ್ ತೊಡಿಸಿದಳು, ತಲೆಗೆ ಕಿವಿಗೆ ಬಟ್ಟೆ ಬಿಗಿದು ಗದ್ದದ ಕೆಳಗೆ ಗಂಟು ಹಾಕಿದಳು. ಗುರುತುಗಳೆಲ್ಲ ಮರೆಯಾದವು. ಗಂಟು ಹಾಕಿ ಮುಗಿಸಿದ ಮೇಲೆಯೇ ಅವಳಿಗೆ ತಾನು ಏನು ಮಾಡಿದೆ ಎಂದು ಹೊಳೆದದ್ದು. ಹೊದಿಸುವ ಕೈ ಅಷ್ಟು ಚುರುಕು.

ಬಾಣಂತಿ ಕೋಣೆಗೆ ಗಂಡಸರು ಬರಬಾರದು ಎಂದು ಅಂದೇ ಅಪ್ಪಣೆ ಹೊರಡಿಸಿದಳು. ಬೇರೆ ಮನೆಗಳಲ್ಲಿ ಈ ಕಟ್ಟಳೆಯನ್ನು ಅವಳು ಅಷ್ಟೇನೂ ಬಿಗಿ ಮಾಡುತ್ತಿರಲಿಲ್ಲ. ಇಲ್ಲಿ ಮಾಡಿದಳು, ತಾನೂ ಅಲ್ಲೇ ನೆಲದ ಮೇಲೆ ಮಲಗಿದಳು. ರಾಜೀವ ನಕ್ಕು ಒಪ್ಪಿಕೊಂಡ. ಕೆಲವು ದಿನ ಏನೂ ಆಗಲಿಲ್ಲ. ಇನ್ನು ಆಗುವುದೂ ಇಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಸಜ್ಜಕಕ್ಕೆ ರವೆ ಹುರಿಯುತ್ತಿದ್ದಾಗ ರಾಜೀವ ಆಫೀಸಿನಿಂದ ಬಂದವನು ಯಾವುದೋ ಫೈಲ್ ಬೇಕೆಂದು ಒಳಗೆ ಹೋದ. ಕೂಗಾಟವಿರಲಿಲ್ಲ. ತಗ್ಗಿದ ದನಿಯ ಎರಡು ಮಾತು, ಆಮೇಲೆ ಮಗುವಿನ ಕಿರುಚಾಟ. ಸೌಟು ಬಿಟ್ಟು ಓಡಿದಳು. ರಾಜೀವ ಬಾಗಿಲಲ್ಲಿ ಎದುರಾದ. ಮುಖದಲ್ಲಿ ಅದೇ ನಗು.

"ಮಗು ಅಳ್ತಿದೆ, ನೋಡಿ ಆಂಟಿ."

ಒಳಗೆ ಸುಪ್ರೀತಾ ಮಂಚದ ತುದಿಯಲ್ಲಿ ಕಿವಿ ಹಿಡಿದು ಕೂತಿದ್ದಳು. ಮಗು ನೆಲದ ಮೇಲಿತ್ತು. ಅರ್ಧ ಹೊಲಿದ ಕೌದಿಯನ್ನು ಶಿವಬಸವ್ವ ಮಂಚದ ಪಕ್ಕ ಮಡಿಚಿಟ್ಟು ಹೋಗಿದ್ದಳಲ್ಲ, ಅದರ ಮೇಲೆ ಬಿದ್ದಿತ್ತು. ಎತ್ತಿ ಅಂಗುಲ ಅಂಗುಲ ತಡವಿ ನೋಡಿದಳು. ಪುಣ್ಯ, ಏನೂ ಆಗಿರಲಿಲ್ಲ.

ಹೊರಗೆ ಕಾರು ಹೋದ ಸದ್ದಾದ ಮೇಲೆ ಸುಪ್ರೀತಾ ಮೊದಲ ಸಲ ಬಾಯಿಬಿಟ್ಟಳು. "ಮಗು ತೊಡೆ ಮೇಲಿರುವಾಗ್ಲೇ ಹೊಡೆದ್ರು ಆಂಟಿ. ಜಾರಿಬಿಡ್ತು. ಪಾಸ್‌ಪೋರ್ಟ್ ಎಲ್ಲಾ ಅವರ ಆಫೀಸಲ್ಲಿ ಲಾಕ್ ಮಾಡಿಟ್ಟಿದಾರೆ. ಯಾರಿಗೆ ಫೋನ್ ಮಾಡ್ದೆ ಅಂತ ರೀಡಯಲ್ ಒತ್ತಿ ನೋಡ್ತಾರೆ. ಮುಂದಿನ ವಾರ ನೀವು ಹೋಗ್ಬಿಡ್ತೀರ."

ಮೊದಲ ದಿನವೇ ನೋಡಿದ್ದೆ, ನೋಡಿ ಬಟ್ಟೆ ಸುತ್ತಿದೆ ಎಂಬುದು ಶಿವಬಸವ್ವನನ್ನು ಚುಚ್ಚುತ್ತಿತ್ತು. ಸಂಜೆ ಹಾಲು ತರುವ ನೆಪದಲ್ಲಿ ಹೋಗಿ ಅಂಗಡಿ ಮುಂದಿನ ಪೇಫೋನಿನಿಂದ ಪೊಮೊನಾಗೆ ಫೋನು ಮಾಡಿದಳು. ಅಲ್ಲಿ ಉಡುಪಿ ಕಡೆಯ ಡಾಕ್ಟರ್ ಸುಗಂಧಿ ಇದ್ದಳು. ಅವಳ ಬಾಣಂತನವನ್ನೂ ಶಿವಬಸವ್ವನೇ ಮಾಡಿದ್ದಳು. ಸುಗಂಧಿ ಎಲ್ಲ ಕೇಳಿ ಒಂದೇ ಮಾತು ಹೇಳಿದಳು: "ಹೇಗಾದ್ರೂ ಇಲ್ಲಿಗೆ ಕರ್ಕೊಂಡು ಬನ್ನಿ. ಬಂದ್ಮೇಲೆ ನಾನು ನೋಡ್ಕೊಳ್ತೇನೆ."

ಹೇಗಾದರೂ ಎಂದರೆ ಹೇಗೆ? ಬಾಗಿಲಿನಿಂದಾಚೆ ಸುಪ್ರೀತಾ ಒಬ್ಬಳೇ ಕಾಲಿಡುವಂತಿರಲಿಲ್ಲ. ರಾಜೀವ ಆಫೀಸಿನಿಂದ ಗಂಟೆಗೊಮ್ಮೆ ಫೋನು ಮಾಡುತ್ತಿದ್ದ, ಅವಳೇ ಎತ್ತಬೇಕಿತ್ತು. ಶಿವಬಸವ್ವ ಮರುದಿನ ಬೆಳಿಗ್ಗೆ ದೋಸೆ ಹಾಕುತ್ತಾ ಮಾತು ತೆಗೆದಳು.

"ಗಂಗೀ ಪೂಜಾ ಮಾಡಬೇಕಪಾ ರಾಜೀವ. ಅದು ಆಗದ ಬಾಣಂತಿ ಅಡಿಗಿಮನಿ ಹೊಗೂ ಹಂಗಿಲ್ಲ."

"ಹಿತ್ತಲಲ್ಲಿ ಟ್ಯಾಪ್ ಇದೆಯಲ್ಲ ಆಂಟಿ, ಅಲ್ಲೇ ಮಾಡ್ಬಿಡಿ."

"ನಳಕ್ಕ ಪೂಜಾ ಮಾಡಿದ್ರ ಅದು ನೀರಿನ ಆಫೀಸಿಗೆ ಮುಟ್ಟತೈತಿ, ಗಂಗಿಗೆ ಮುಟ್ಟೂದಿಲ್ಲ. ಸಮುದ್ರ ಇಲ್ಲೇ ಐತಲ್ಲ."

"ಸರಿ, ಶನಿವಾರ ನಾನೇ ಡ್ರೈವ್ ಮಾಡ್ತೀನಿ."

"ಗಂಡಸರು ಬರೂ ಹಂಗಿಲ್ಲ. ಬೇಕಾದ್ರ ನಿಮ್ಮ ಅವ್ವನ್ನ ಕೇಳು."

ಕೇಳಿಯೇ ಬಿಟ್ಟ. ಮಲ್ಲೇಶ್ವರದಿಂದ ಅವನ ತಾಯಿ ಉಷಾ ಸ್ಪೀಕರ್ ಫೋನಿನಲ್ಲಿ ಗದರಿದರು: "ಹೆಂಗಸರ ಮಧ್ಯೆ ನಿಂದೇನೋ? ಆ ಆಂಟಿ ಹೇಳ್ದಂಗೆ ಕೇಳು. ಪೂಜೆ ತಪ್ಪಿಸ್ಬೇಡ." ರಾಜೀವ ಎಲ್ಲರನ್ನೂ ಹೆದರಿಸಬಲ್ಲವನಾದರೂ ತಾಯಿಯ ಎದುರು ಮಾತ್ರ ಬಾಲ ಮುದುರಿದ. ಬುಧವಾರ ಹೋಗಿಬರಲಿ ಎಂದು ತೀರ್ಮಾನವಾಯಿತು.

ಬುಧವಾರ ಬೆಳಿಗ್ಗೆ ಮಗುವಿನ ಸೀಟನ್ನು ಅವನೇ ಕೊರೋಲಾದ ಹಿಂದೆ ಕೂರಿಸಿ ಬೆಲ್ಟು ಬಿಗಿದ. ಅದರ ಪಕ್ಕಕ್ಕೆ ಶಿವಬಸವ್ವ ಹೊಲಿದು ಮುಗಿಸಿದ್ದ ಕೌದಿ ಹಾಕಿದಳು. ಸುಪ್ರೀತಾಳ ಪರ್ಸನ್ನು ಕೈಯಿಂದ ಇಸಿದುಕೊಂಡ. "ಪೂಜೆಗೆ ಇದ್ಯಾಕೆ?" ಎಂದ. ಆಮೇಲೆ ಡ್ರೈವರ್ ಕಡೆಯ ಕಿಟಕಿಯಲ್ಲಿ ಬಗ್ಗಿ, ಶಿವಬಸವ್ವನ ಭುಜದ ಮೇಲಿಂದ ಮೈಲಿ ಮೀಟರನ್ನು ನೋಡಿದ.

"ಬೀಚಿಗೆ ಎಷ್ಟಾಗುತ್ತೆ ಅಂತ ನಂಗೊತ್ತು ಆಂಟಿ. ಹನ್ನೆರಡು ಗಂಟೆಗೆ ಮನೆಗೆ ಫೋನ್ ಮಾಡ್ತೀನಿ. ಅವಳೇ ಎತ್ಬೇಕು."

"ಆಗಲೆಪಾ" ಎಂದಳು.

ಜೂನ್ ತಿಂಗಳ ಮಂಜು ಸಮುದ್ರವನ್ನೂ ಮರಳನ್ನೂ ಒಂದೇ ಮಾಡಿಬಿಟ್ಟಿತ್ತು. ಟೊರ್ರಿ ಪೈನ್ಸ್ ಗುಡ್ಡದ ತಲೆ ಕಾಣುತ್ತಿರಲಿಲ್ಲ. ಶಿವಬಸವ್ವ ಕಾರು ನಿಲ್ಲಿಸಿದ್ದು ಕಂಡು ಸುಪ್ರೀತಾ ಗಾಬರಿಯಾದಳು. "ಇಲ್ಯಾಕೆ ಆಂಟಿ? ಸೀದಾ ಹೋಗೋಣ, ಪ್ಲೀಸ್!"

"ಗಂಗೀ ಹೆಸರು ಹೇಳಿ ಹೊರಬಿದ್ದೇವಿ. ಆಕಿಗೆ ಸುಳ್ಳು ಹೇಳಾಕ ನನ್ನ ಕಡಿಂದ ಆಗೂದಿಲ್ಲ."

ಇದಕ್ಕೆ ಏನನ್ನಬೇಕು! ಬೆನ್ನ ಹಿಂದೆ ಅಂಥ ಗಂಡ, ಮುಂದೆ ನೂರು ಮೈಲಿ ದಾರಿ, ಈ ಮಹಾತಾಯಿ ಮರಳಿನ ಮೇಲೆ ಐದು ಕಲ್ಲು ಹುಡುಕುತ್ತಿದ್ದಾಳೆ. ಹುಡುಕಿದಳು, ಅರಿಶಿನ ಕುಂಕುಮ ಹಚ್ಚಿದಳು, ಊದುಬತ್ತಿ ಹತ್ತದೆ ಮೂರು ಸಲ ಕಡ್ಡಿ ಗೀರಿದಳು, ಬಾಳೆಹಣ್ಣು ನೀರಿಗೆ ಬಿಟ್ಟಳು. ಮಂಜಿನೊಳಗಿಂದ ನಾಯಿ ಹಿಡಿದ ಗಂಡಸೊಬ್ಬ ಬಂದಾಗ ಸುಪ್ರೀತಾ ಮಗುವನ್ನು ಎದೆಗೊತ್ತಿಕೊಂಡು ಕೂತೇಬಿಟ್ಟಳು. ಅವನು ಯಾರೋ. ಗುಡ್ ಮಾರ್ನಿಂಗ್ ಎಂದು ಹೋದ. ಶಿವಬಸವ್ವ ತಂಬಿಗೆಯಲ್ಲಿ ನೀರು ತುಂಬಿ ಸುಪ್ರೀತಾಳ ಸೊಂಟಕ್ಕೆ ಮುಟ್ಟಿಸಿ, "ಆತು, ಏಳು" ಎಂದಳು.

ಫ್ರೀವೇ ಹತ್ತಿದಾಗ ಹನ್ನೊಂದಾಗುತ್ತಾ ಬಂದಿತ್ತು. ಶಿವಬಸವ್ವ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಬಲಗಡೆಯ ಲೇನು ಬಿಡದೆ ನಡೆಸಿದಳು. ಹಿಂದೆ ಯಾವುದೇ ಬಿಳಿ ಕಾರು ಕಂಡರೂ ಸುಪ್ರೀತಾ ತಲೆ ತಗ್ಗಿಸುತ್ತಿದ್ದಳು. ಓಷನ್‌ಸೈಡ್ ದಾಟಿತು. ಎಡಕ್ಕೆ ಸಮುದ್ರ, ಬಲಕ್ಕೆ ಮಿಲಿಟರಿಯವರ ಬೋಳುಗುಡ್ಡ, ಎಲ್ಲೂ ಒಂದು ಮನೆಯಿಲ್ಲ. ಆಗ ಮುಂದೆ ಕಾರುಗಳ ಕೆಂಪು ದೀಪಗಳು ಹತ್ತಿಕೊಂಡವು. ಗಡಿ ಪೊಲೀಸರ ತಪಾಸಣೆಯ ಜಾಗ. ಮೆಕ್ಸಿಕೋ ಕಡೆಯಿಂದ ಬರುವವರನ್ನು ಇಲ್ಲಿ ನಿಲ್ಲಿಸಿ ಕಾಗದ ಕೇಳುತ್ತಾರೆ. ಶಿವಬಸವ್ವ ಈ ದಾರಿಯಲ್ಲಿ ಎಷ್ಟೋ ಸಲ ಹಸಿರು ಕಾರ್ಡು ತೋರಿಸಿ ದಾಟಿದ್ದಳು. ಸುಪ್ರೀತಾಳ ಹತ್ತಿರ ಏನೂ ಇರಲಿಲ್ಲ.

"ಕಾಗದ ಇಲ್ಲ ಅಂದ್ರೆ ಅವರಿಗೇ ಫೋನ್ ಮಾಡ್ತಾರೆ ಆಂಟಿ. ವೀಸಾ ಅವರ ಹೆಸರಲ್ಲಿದೆ. ಬಂದು ಕರ್ಕೊಂಡು ಹೋಗಿ ಅಂತಾರೆ."

"ಮಕ್ಕೊ. ಸೀಟಿನ ಮ್ಯಾಲ ಮಕ್ಕೊಂಡು ಕೌದಿ ಹೊದ್ಕೊ. ಅಲುಗಾಡಬ್ಯಾಡ."

ಸುಪ್ರೀತಾ ಮಗುವಿನ ಸೀಟಿನ ಪಕ್ಕ ಮುದುರಿ ಮಲಗಿ ಕೌದಿ ಎಳೆದುಕೊಂಡಳು. ಸಾಲು ಒಂದೊಂದೇ ಕಾರಿನಷ್ಟು ಮುಂದೆ ಸರಿಯಿತು. ಶಿವಬಸವ್ವ ಕನ್ನಡಿಯಲ್ಲಿ ನೋಡಿದಳು. ಕೌದಿಯಲ್ಲಿ ಸುಪ್ರೀತಾಳ ಮದುವೆಯ ಮೊದಲಿನ ಹಸಿರು ಚೂಡಿದಾರದ ತುಂಡಿತ್ತು, ರಾಜೀವನ ನೀಲಿ ಅಂಗಿಯ ತುಂಡಿತ್ತು. ಅದರಡಿಯಲ್ಲಿ ಒಬ್ಬ ಹೆಣ್ಣುಮಗಳು ಕದ್ದ ಮಾಲಿನ ಹಾಗೆ ಉಸಿರು ಬಿಗಿಹಿಡಿದು ಬಿದ್ದಿದ್ದಳು. ಮೈತುಂಬ ಪೆಟ್ಟು ತಿಂದವಳು ಕಳ್ಳಿಯ ಹಾಗೆ ಅಡಗಿದ್ದಾಳೆ, ಹೊಡೆದವನು ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದಾನೆ. ಶಿವಬಸವ್ವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಇದೇ ಅಲ್ಲವೇ ಎನಿಸಿತು.

"ಏಳವ್ವಾ, ಎದ್ದು ಕೂಡು."

"ಬೇಡ ಆಂಟಿ, ಸಿಕ್ಕಿಹಾಕ್ಕೊಳ್ತೀವಿ!"

"ಮುಚ್ಚಿದಷ್ಟೂ ಅವಗ ಛಲೋ. ಎದ್ದು ಕೂಡಂತೀನಿ." ಕೈ ಹಿಂದೆ ಚಾಚಿ ತಾನೇ ಕೌದಿಯನ್ನು ಎಳೆದು ಮುಂದಿನ ಸೀಟಿಗೆ ಹಾಕಿಕೊಂಡಳು. ಎದುರಿನ ಕಾರು ಹೊರಟಿತು. ಇನ್ನು ಹಿಂದಿರುಗಲು ದಾರಿಯಿರಲಿಲ್ಲ.

ಹಸಿರು ಸಮವಸ್ತ್ರದ ನಡುವಯಸ್ಸಿನ ಅಧಿಕಾರಿ ಬಗ್ಗಿದ. ಶಿವಬಸವ್ವನ ಕಾರ್ಡು ನೋಡಿ ವಾಪಸು ಕೊಟ್ಟ. ಹಿಂದಕ್ಕೆ ನೋಡಿ ಸುಪ್ರೀತಾಳನ್ನು ಕೇಳಿದ. ಅವಳು ಮಗುವಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆತ ಎರಡನೇ ಸಲ ಕೇಳಿದಾಗ ದನಿ ಗಡುಸಾಗಿತ್ತು. ಶಿವಬಸವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಅಂಗಡಿಯಲ್ಲಿ ತರಕಾರಿ ಕೊಳ್ಳುವಷ್ಟು. ಅದನ್ನೆಲ್ಲ ಒಟ್ಟುಗೂಡಿಸಿ ಜೋರಾಗಿ, ಪಕ್ಕದ ಲೇನಿಗೂ ಕೇಳುವಂತೆ ಹೇಳಿದಳು:

"ಹಸ್ಬೆಂಡ್ ಬೀಟಿಂಗ್. ಬೇಬಿ ಫಾಲ್. ಪಾಸ್‌ಪೋರ್ಟ್ ಹಸ್ಬೆಂಡ್ ಲಾಕ್. ಐ ಸೀ. ಮೈ ಐ ಸೀ!"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಆಗ ಸುಪ್ರೀತಾ ತಾನಾಗಿ ಗದ್ದದ ಕೆಳಗಿನ ಗಂಟು ಬಿಚ್ಚಿ, ತಲೆಯ ಬಟ್ಟೆ ತೆಗೆದು, ಮುಖ ಪಕ್ಕಕ್ಕೆ ತಿರುಗಿಸಿ ತೋರಿಸಿದಳು.

ಅಧಿಕಾರಿ ಅವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದ. ಗಾಜಿನಾಚೆ ಫೋನು ಎತ್ತಿದ. ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು. ಅತ್ತ ಖಾಲಿ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿರಬಹುದು. "ಅವರಿಗೇ ಮಾಡ್ತಿದಾರೆ" ಎಂದು ಸುಪ್ರೀತಾ ಗೋಡೆಗೊರಗಿದಳು. ಶಿವಬಸವ್ವ ಅವಳ ಕೈ ಹಿಡಿದಳು. ಮಾಡಬಾರದ್ದು ಮಾಡಿಬಿಟ್ಟೆನೇ, ಪಂಜರದಿಂದ ಬಿಡಿಸಿದ ಹಕ್ಕಿಯನ್ನು ನಾನೇ ಮತ್ತೆ ಹಿಡಿಸಿಕೊಟ್ಟೆನೇ ಎಂದು ಜೀವ ಹಿಂಡಿತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾದಾಗ ಇಬ್ಬರೂ ಎದ್ದು ನಿಂತರು. ಒಳಗೆ ಬಂದವಳು ಒಬ್ಬ ಹೆಂಗಸು ಪೊಲೀಸ್, ಕೈಯಲ್ಲಿ ಕ್ಯಾಮೆರಾ. ಮೊದಲು ಮಗುವಿನ ಹೆಸರು ಕೇಳಿದಳು. ಸುಪ್ರೀತಾ ಹೇಳಲು ಹೋಗಿ ಅತ್ತುಬಿಟ್ಟಳು.

ಶಿವಬಸವ್ವ ಕೊಟ್ಟ ನಂಬರಿಗೆ ಪೊಲೀಸರು ಫೋನು ಮಾಡಿದ ಮೇಲೆ ಸುಗಂಧಿಯೂ ಬಂದಳು. ಅಂದು ಸಂಜೆಯೇ ತಾಯಿ ಮಗುವನ್ನು ಹೆಂಗಸರ ಆಶ್ರಯದ ಮನೆಯೊಂದಕ್ಕೆ ಕರೆದೊಯ್ದರು. ಪೊಲೀಸರು ರಾಜೀವನ ಆಫೀಸಿಗೆ ಹೋದರು. ಕೋರ್ಟು ಕಚೇರಿಯ ಕಥೆ ಆಮೇಲೆ ಬಹಳ ಕಾಲ ನಡೆಯಿತು.

ಶಿವಬಸವ್ವನ ಕಥೆ ಮಾತ್ರ ಬೇಗ ಇತ್ಯರ್ಥವಾಯಿತು. ಬೇಸಿಗೆ ಮುಗಿಯುವುದರೊಳಗೆ ಅವಳನ್ನು ಬರಹೇಳಿದ್ದ ಮನೆಗಳಿಂದೆಲ್ಲ ಒಂದೇ ಥರದ ಫೋನು. "ಅತ್ತೆಗೆ ವೀಸಾ ಸಿಕ್ಕಿಬಿಡ್ತು ಆಂಟಿ." ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿನವರು ಇದ್ದಕ್ಕಿದ್ದಂತೆ ಅಷ್ಟು ಧಾರಾಳಿಗಳಾದದ್ದು ಹೇಗೋ! ಸಂಘದ ಗಣೇಶ ಹಬ್ಬದಲ್ಲಿ ಅವಳು ಕೂತ ಸಾಲು ಖಾಲಿ ಉಳಿಯಿತು. ಮನೆಮುರುಕಿ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅವಳಿಗೆ ನೋವಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಣ್ಣೆ ಡಬ್ಬಿ ಅಟ್ಟಕ್ಕೆ ಹೋಯಿತು. ಚನ್ನಬಸಪ್ಪ ಮಾತ್ರ, "ನೀ ಮಾಡಿದ್ದು ಬರೋಬ್ಬರಿ ಐತಿ" ಎಂದು ಒಂದು ಸಲ ಹೇಳಿ ಸುಮ್ಮನಾದ.

ಅಕ್ಟೋಬರಿನ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಫೋನು ಬಂತು. ರಾಜೀವನ ತಾಯಿ ಉಷಾ.

"ಗಂಗೆ ಪೂಜೆ ಅಂತ ಹೇಳಿ ನನ್ನ ಮಗನ ಮನೆ ಹಾಳು ಮಾಡಿದ್ರಲ್ಲ! ನಾನೇ ಬಾಯಿಬಿಟ್ಟು ಕಳಿಸು ಅಂದೆ. ನಿಮಗೆ ದೇವರ ಭಯ ಬೇಡ್ವಾ?"

"ಪೂಜಾ ಮಾಡಿನ ಕರಕೊಂಡು ಹೋದ್ನಿರಿ. ಸುಳ್ಳು ಹೇಳಿಲ್ಲ."

ಉಷಾ ಬೈದರು. ಬೈಯುವಷ್ಟೂ ಬೈದರು. ಶಿವಬಸವ್ವ ಫೋನು ಇಡಲಿಲ್ಲ. ಆ ತುದಿಯಲ್ಲಿ ಕೊನೆಗೆ ಉಸಿರಿನ ಸದ್ದು ಮಾತ್ರ ಉಳಿಯಿತು. ಕಟ್ಟಾಯಿತೇನೋ ಎಂದುಕೊಳ್ಳುವಾಗ ಆ ಹೆಂಗಸು ತಗ್ಗಿದ ದನಿಯಲ್ಲಿ ಕೇಳಿದರು:

"ಎಲ್ಲಿಗೆ ಹೊಡೀತಿದ್ದ?"

"ರಟ್ಟಿಗೆ. ಕಿವಿ ಕೆಳಗ. ಬಟ್ಟಿ ಹಾಕ್ಕೊಂಡ್ರ ಯಾರಿಗೂ ಕಾಣಬಾರದು, ಅಂಥಲ್ಲಿ."

"ಅವರಪ್ಪಾನೂ ಅಲ್ಲೇ ಹೊಡೀತಿದ್ರು" ಎಂದರು ಉಷಾ. "ನೋಡಿ, ಅವಳು ಎಲ್ಲಿದಾಳೆ ಅಂತ ಯಾರಿಗೂ ಹೇಳ್ಬೇಡಿ. ನಾನು ಅತ್ತು ಕೇಳಿದ್ರೂ ಹೇಳ್ಬೇಡಿ. ನಂಗೆ ಗೊತ್ತಾದ್ರೆ, ಅವನು ಕೇಳಿದಾಗ ನಾನು ಹೇಳ್ಬಿಡ್ತೀನಿ."